ಯುದ್ಧ ನಿಲ್ಲಿಸಿದವರು ಯಾರಂತ?

2025ರ ಮೇ 11, ಭಾನುವಾರ ಬೆಳಿಗ್ಗೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ನಮ್ಮ ಓಣಿಯ ಮೂಲೆ ಅಂಗಡಿಗೆ ಹಾಲಿಗೆಂದು ಹೋಗಿದ್ದೆ. ಪಹಲ್ಗಾಮ್ ದಾಳಿಯ ಬೆನ್ನಿಗೆ ನಾಲ್ಕು ದಿನ ಕಾದಾಡಿದ ಭಾರತ, ಪಾಕಿಸ್ತಾನ ಎರಡೂ ಹಿಂದಿನ ದಿನ, ಭಾರತದ ಸಮಯ ಸಂಜೆ ಐದಕ್ಕೆ, ಕದನ ನಿಲ್ಲಿಸಿದ್ದವು. ಪೇಪರ್ ಸ್ಟ್ಯಾಂಡಿನ ಮುಂದೆ ಬಗ್ಗಿ ನೋಡಿದರೆ ಮುಖಪುಟದಲ್ಲಿ ಡೊನಾಲ್ಡ್ ಟ್ರಂಪ್. ನಮ್ಮ ಪ್ರಧಾನಿ ಇಲ್ಲ, ಅವರ ಪ್ರಧಾನಿ ಇಲ್ಲ, ಗಡಿಯ ಈಚೆಯ ಪೂಂಚ್ ಇಲ್ಲ, ಆಚೆಯ ಮುಜಫ್ಫರಾಬಾದ್ ಇಲ್ಲ. ಟ್ರಂಪ್ ಅವರದೊಂದು ಹಳೆಯ ಫೋಟೊ, ಅದರ ಕೆಳಗೆ ಅಣ್ವಸ್ತ್ರವಿರುವ ಎರಡು ದೇಶಗಳನ್ನು ಅವರು ಹೇಗೆ ಸುಮ್ಮನಾಗಿಸಿದರು ಎಂಬ ವರದಿ. ಒಳಗೆ ಅರ್ಧ ಪುಟದ ನಕಾಶೆ, ನಮ್ಮ ಕಾಶ್ಮೀರದ ಮೇಲೆ ಚುಕ್ಕಿ ಚುಕ್ಕಿ ಗೆರೆ.

ಮೈ ಉರಿಯಿತು. ನಮ್ಮ ದೇಶ ಹೊಡೆಯಿತು, ಹೊಡೆಸಿಕೊಂಡಿತು, ನಿಲ್ಲಿಸಿತು. ಪಟ ಮಾತ್ರ ವಾಷಿಂಗ್ಟನ್‌ನದು.

ಅಂಗಡಿಯ ಯಜಮಾನರು ಗಡಿಯಾಚೆಯ ಕಾಶ್ಮೀರದ ಮೀರ್‌ಪುರ ಮೂಲದವರು. ಈ ಊರಿನ ಪಾಕಿಸ್ತಾನಿಗಳಲ್ಲಿ ಬಹುಪಾಲು ಆ ಕಡೆಯವರೇ. ಝೀಲಂ ನದಿಗೆ ಕಟ್ಟಿದ ಮಂಗಲಾ ಅಣೆಕಟ್ಟು 1967ರಲ್ಲಿ ಮುಗಿಯುವಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ ಕಳೆದುಕೊಂಡಿದ್ದರು. ಅವರಲ್ಲಿ ಎಷ್ಟೋ ಮಂದಿ ಇಲ್ಲಿಯ ಬಟ್ಟೆ ಗಿರಣಿಗಳ ಕೆಲಸಕ್ಕೆ ಬಂದರು. ತುಂಗಭದ್ರಾ ಹಿನ್ನೀರಿಗೆ ಊರು ಕೊಟ್ಟವರನ್ನು ನೋಡಿದ ನಮ್ಮ ಕಡೆಯವರಿಗೆ ಇಂಥ ಕತೆ ಹೊಸದಲ್ಲ. ನಾನು ಅವರನ್ನು ಚಾಚಾ ಅನ್ನುತ್ತೇನೆ. ನನ್ನ ರಾಯಚೂರು ಉರ್ದು, ಅದರ 'ನಕ್ಕೋ', 'ಹೌ' ಕೇಳಿ ಅವರು ನಗುತ್ತಾರೆ. ಆ ನಾಲ್ಕು ದಿನ ಮಾತ್ರ ಹಾಲಿನ ರೇಟು ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಮೇ 7ರ ನಸುಕಿನಲ್ಲಿ ನಮ್ಮ ಪಡೆ ಹೊಡೆದ ಒಂಬತ್ತು ಜಾಗಗಳಲ್ಲಿ ಕೋಟ್ಲಿಯೂ ಒಂದು, ಅವರ ತಂಗಿಯ ಮನೆ ಅಲ್ಲಿದೆ. ನನಗೆ ಅದು ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಭಾನುವಾರ ಅವರೇ ಮೊದಲು ಬಾಯಿ ಬಿಟ್ಟರು. ಟ್ರಂಪ್ ಫೋಟೊದ ಮೇಲೆ ಬೆರಳು ಬಡಿದು, "ಸತ್ತವರು ನಮ್ಮವರು, ನಿಮ್ಮವರು. ಫೋಟೊ ಇವನದು," ಅಂದರು.

ಆಗಿದ್ದು ಇಷ್ಟು. ಶನಿವಾರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನ ಸೇನೆಯ ಕಾರ್ಯಾಚರಣೆ ಮಹಾನಿರ್ದೇಶಕರು ನಮ್ಮ ಸೇನೆಯ ಕಾರ್ಯಾಚರಣೆ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಐದು ಗಂಟೆಯಿಂದ ನೆಲ, ಜಲ, ಆಕಾಶ ಮೂರರಲ್ಲೂ ನಿಲ್ಲಿಸುವುದೆಂದು ಒಪ್ಪಂದವಾಯಿತು. ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅದನ್ನು ದೆಹಲಿಯಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿ ಎದ್ದಾಗ ಗಂಟೆ ಆರರ ಆಸುಪಾಸು. ಅದಕ್ಕೂ ಅರ್ಧ ಗಂಟೆ ಮುಂಚೆಯೇ ಟ್ರಂಪ್ ತಮ್ಮ ಜಾಲತಾಣದಲ್ಲಿ, ರಾತ್ರಿಯಿಡೀ ಅಮೆರಿಕ ಮಧ್ಯೆ ನಿಂತು ನಡೆಸಿದ ಮಾತುಕತೆಯಿಂದ ಇದು ಆಯಿತು ಎಂದು ಸಾರಿಯಾಗಿತ್ತು. ಮಧ್ಯಸ್ಥಿಕೆಯ ಮಾತನ್ನು ನಮ್ಮ ಸರ್ಕಾರ ಅಂದೂ ಒಪ್ಪಲಿಲ್ಲ, ಆಮೇಲೂ ಒಪ್ಪಲಿಲ್ಲ. ಪಾಕಿಸ್ತಾನ ಧನ್ಯವಾದ ಹೇಳಿತು. ಇಲ್ಲಿಯ ಪತ್ರಿಕೆ ಮೊದಲು ಕೂಗಿದವರ ಕೊರಳಿಗೆ ಹಾರ ಹಾಕಿತು.

ಇದು ಸಾಲದೆಂಬಂತೆ ಕ್ರೀಡಾಪುಟ. ಧರ್ಮಶಾಲಾದ ಪಂದ್ಯ ಮೇ 8ರಂದು ಅರ್ಧಕ್ಕೆ ನಿಂತು, ಮರುದಿನ ಐಪಿಎಲ್ ಅನ್ನೇ ಒಂದು ವಾರ ಮುಂದೂಡಿದ್ದರಲ್ಲ, ಇಂಗ್ಲೆಂಡಿನ ಆಟಗಾರರು ಮನೆಗೆ ಹೇಗೆ ಬರುತ್ತಾರೆ, ಮತ್ತೆ ಹೋಗುತ್ತಾರೋ ಇಲ್ಲವೋ ಎಂದು ಅಲ್ಲಿ ಮುಕ್ಕಾಲು ಪುಟ. ಪೂಂಚ್‌ಗಿಂತ ಧರ್ಮಶಾಲಾ ಇವರಿಗೆ ಹತ್ತಿರ.

ಬೈದುಕೊಳ್ಳುತ್ತಲೇ ಆ ಪೇಪರ್ ಕೊಂಡು ತಂದೆ. ಪೂರ್ತಿ ಓದಿದೆ. ಓದುತ್ತಾ ಹೋದಂತೆ ಸಿಟ್ಟಿನ ದಿಕ್ಕು ಬದಲಾಯಿತು. ಅದು ಊರಿನ ಕಡೆಗೆ ತಿರುಗಿತು.

ಅಪ್ಪ, ಅವ್ವ ಇರುವುದು ರಾಯಚೂರಿನಲ್ಲಿ. ಅಪ್ಪ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತಿಯಾದವರು. ಮೇ 7ರ ನಾಗರಿಕ ರಕ್ಷಣೆಯ ಅಣಕು ತಾಲೀಮಿಗೆ ಕೇಂದ್ರ ಸರ್ಕಾರ ಗುರುತಿಸಿದ ಊರುಗಳಲ್ಲಿ ಕರ್ನಾಟಕದಿಂದ ಬೆಂಗಳೂರು, ಕಾರವಾರದ ಜೊತೆ ರಾಯಚೂರೂ ಇತ್ತು. ಬೆಂಗಳೂರು ಸರಿ. ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾ ಇದೆ. ರಾಯಚೂರಿನಲ್ಲಿ ಏನಿದೆ ಅಂದರೆ ಕೃಷ್ಣಾ ದಂಡೆಯ ಅದೇ ಶಕ್ತಿನಗರ, ಎಂಟು ಘಟಕ, 1,720 ಮೆಗಾವಾಟ್. "ಕರೆಂಟ್ ಬೆಂಗಳೂರಿಗೆ, ಬೂದಿ ನಮಗ, ಈಗ ಬಾಂಬೂ ನಮಗ ಅಂತ ನೋಡು," ಎಂದು ಅಪ್ಪ ಫೋನಿನಲ್ಲಿ ನಕ್ಕರು. ಅವ್ವ ನಗಲಿಲ್ಲ. ದೇವರ ಮನೆಯಲ್ಲಿ ದೀಪ ಹಚ್ಚುವುದಕ್ಕೂ ಲೈಟ್ ಬಂದ್ ಮಾಡಬೇಕೇನು ಎಂದು ಕೇಳಿದಳು.

ಅವ್ವನ ಭಯಕ್ಕೆ ಶಕ್ತಿನಗರ ಕಾರಣವಲ್ಲ. ಕಾರಣ, ಪಡಸಾಲೆಯ ಟಿವಿ. ಬೆಳಗಿನಿಂದ ಮಧ್ಯರಾತ್ರಿ ದಾಟುವವರೆಗೆ ಅದರಲ್ಲಿ ವಿಮಾನ ದಾಳಿಯ ಸೈರನ್. ವಾರ್ತೆಯ ಹಿಂದೆ ಸೈರನ್, ಚರ್ಚೆಯ ಹಿಂದೆ ಸೈರನ್, ಸಾಬೂನಿನ ಜಾಹೀರಾತು ಮುಗಿದ ಕೂಡಲೇ ಮತ್ತೆ ಸೈರನ್. ಥರ್ಮಲ್‌ನಲ್ಲಿ ಬದುಕು ಸವೆಸಿದ ಅಪ್ಪನಿಗೆ ಸೈರನ್ ಎಂದರೆ ಏನೆಂದು ಗೊತ್ತು. ಅದು ಕೂಗಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು, ಕಾಲು ಚಾಚಿ ಕೂತು ನೋಡುವ ವಸ್ತು ಅದಲ್ಲ. ಅಂಥ ಮನುಷ್ಯರೂ ನೋಡುತ್ತಾ ಕೂತರು. ಕೊನೆಗೆ ಮೇ 10ರಂದು ಕೇಂದ್ರ ಗೃಹ ಇಲಾಖೆಯ ನಾಗರಿಕ ರಕ್ಷಣಾ ವಿಭಾಗವೇ ವಾಹಿನಿಗಳಿಗೆ ಹೇಳಬೇಕಾಯಿತು: ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ, ನಿಜವಾದ ಸೈರನ್ ಆದಾಗ ಜನ ಟಿವಿಯೇ ಇರಬೇಕೆಂದು ಸುಮ್ಮನೆ ಕೂತಾರು. ಹೇಳಿದ ದಿನವೇ ಕದನವೂ ನಿಂತಿತು.

ಮೇ 8ರ ರಾತ್ರಿಯನ್ನು ಮರೆಯುವ ಹಾಗಿಲ್ಲ. ಅಲ್ಲಿ ನಡುರಾತ್ರಿ, ಇಲ್ಲಿ ಇನ್ನೂ ಊಟದ ಹೊತ್ತು. ಅಪ್ಪನ ಫೋನ್.

"ಕರಾಚಿ ಬಂದರು ಹೋತಂತಪಾ. ನಮ್ಮ ನೌಕಾಪಡೆ ಹೊಡದ್ ಹಾಕ್ಯಾದಂತ."

"ಯಾರು ಹೇಳಿದ್ರಪ್ಪ?"

"ಟಿವಿದಾಗ ಹೇಳಾಕತ್ಯಾರ. ಎಲ್ಲಾದ್ರಾಗೂ ಅದ ಐತಿ. ಇಸ್ಲಾಮಾಬಾದ್‌ದಾಗೂ ನುಗ್ಗ್ಯಾರಂತ."

ಇಲ್ಲಿಯ ಸುದ್ದಿಯನ್ನೆಲ್ಲ ತಡಕಾಡಿದೆ. ಅಂಥದ್ದೇನೂ ಇಲ್ಲ. ಹಾಗೆಂದರೆ, "ನಿಮ್ಮ ಇಂಗ್ಲಿಷ್‌ನವ್ರು ಮುಚ್ಚಿಟ್ಟಾರ, ಅವ್ರಿಗೆ ನಮ್ಮದು ನೋಡಾಕ ಆಗಂಗಿಲ್ಲ," ಎಂದು ಇಟ್ಟುಬಿಟ್ಟರು. ಬೆಳಗಾದಾಗ ಕರಾಚಿ ಬಂದರು ಇದ್ದಲ್ಲೇ ಇತ್ತು, ಹಡಗುಗಳು ಬಂದು ಹೋಗುತ್ತಿದ್ದವು. ಟಿವಿಯವರಲ್ಲಿ ಒಬ್ಬಿಬ್ಬರು ತಪ್ಪಾಯಿತೆಂದರು. ಉಳಿದವರು ಆ ಮಾತೇ ಆಡಲಿಲ್ಲ, ಬೇರೆ ಊರಿನ ಹೆಸರು ಹಿಡಿದುಕೊಂಡು ಮುಂದೆ ಹೋದರು.

ಈಗ ಶನಿವಾರ ಸಂಜೆಯನ್ನು ನೆನೆಸಿಕೊಳ್ಳಿ. ಗುರುವಾರವೇ ಕರಾಚಿ ಗೆದ್ದವರು ಶನಿವಾರ ಕದನ ನಿಂತಿದ್ದನ್ನು ಹೇಗೆ ಹೇಳಬೇಕು? ಗೆಲ್ಲುತ್ತಿದ್ದ ಯುದ್ಧ ನಿಂತರೆ ಯಾರೋ ಮೋಸ ಮಾಡಿರಲೇಬೇಕು. ಆ ಸಂಜೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸಂತೋಷದ ಒಂದು ಮಾತಿರಲಿಲ್ಲ. "ಇನ್ನೆರಡು ದಿನ ಬಿಟ್ಟಿದ್ರ ಮುಗೀತಿತ್ತು" ಎಂದು ಸಿಂಧನೂರಿನ ಮಾವ, "ಇವ್ರಿಗೆ ಯಾರು ನಿಲ್ಲಸ್ರಿ ಅಂದ್ರು" ಎಂದು ಮಾನ್ವಿಯ ಚಿಕ್ಕಪ್ಪ. ಸಾವು ನಿಂತಿತಲ್ಲ ಎಂದು ಒಬ್ಬರೂ ಬರೆಯಲಿಲ್ಲ. ಇವರು ಕಲ್ಲುಹೃದಯದವರಲ್ಲ. ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು 26 ಮಂದಿಯನ್ನು ಕೊಂದಾಗ, ಅವರಲ್ಲಿ ಕನ್ನಡದವರೂ ಇದ್ದಾರೆಂದು ತಿಳಿದಾಗ, ಅನ್ನ ಬಿಟ್ಟು ಅತ್ತವರು. ಇವರಿಗೆ ಯುದ್ಧದ ಕೊನೆಯನ್ನು ಯಾರೂ ಸರಿಯಾಗಿ ಹೇಳಲಿಲ್ಲ, ಅಷ್ಟೇ. ಹೇಳಲು ಬಂದ ಮಿಸ್ರಿಯವರಿಗೆ ಬೈಗುಳದ ಮಳೆ ಸುರಿಯಿತು. ಸರ್ಕಾರದ ತೀರ್ಮಾನವನ್ನು ಓದಿ ಹೇಳಿದ ಅಧಿಕಾರಿ ಅವರು. ಅವರ ಮನೆಯವರನ್ನೂ ಬಿಡಲಿಲ್ಲ. ಮರುದಿನ ಅವರು ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು.

ಬ್ರ್ಯಾಡ್‌ಫರ್ಡ್‌ನ ಪೇಪರಿಗೆ ಆ ಕಷ್ಟವಿರಲಿಲ್ಲ. ಅದು ಕರಾಚಿಯನ್ನು ಗೆದ್ದೇ ಇರಲಿಲ್ಲ. ಮೊದಲ ದಿನದಿಂದ ನಮ್ಮ ಕಡೆಯ ಅಡತಿ ಅಂಗಡಿಯ ಗುಮಾಸ್ತ ಹತ್ತಿಯ ಲೆಕ್ಕ ಬರೆಯುವ ಹಾಗೆ ಬರೆಯುತ್ತಾ ಬಂದಿತ್ತು: ಯಾರ ಮಾಲು, ಎಷ್ಟೆಂದು ಹೇಳಿದರು, ತೂಕ ಹಾಕಿ ನೋಡಿದೆವೋ ಇಲ್ಲವೋ. ಐದು ಭಾರತೀಯ ವಿಮಾನ ಬೀಳಿಸಿದೆವೆಂದು ಪಾಕಿಸ್ತಾನ ಹೇಳುತ್ತದೆ. ಭಾರತ ಏನೂ ಹೇಳಿಲ್ಲ. ನಾವು ಖಚಿತಪಡಿಸಿಕೊಂಡಿಲ್ಲ. ಉಗ್ರರ ಒಂಬತ್ತು ನೆಲೆ ಹೊಡೆದೆವೆಂದು ಭಾರತ ಹೇಳುತ್ತದೆ. ಸತ್ತವರು ಸಾಮಾನ್ಯ ಜನರೆಂದು ಪಾಕಿಸ್ತಾನ ಹೇಳುತ್ತದೆ. ಓದುವಾಗ ರಕ್ತ ಕುದಿಯುತ್ತಿತ್ತು. ನನ್ನ ದೇಶದ ಮಾತನ್ನೂ ಅವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರಲ್ಲ ಎಂದು. ಆದರೆ ಹೀಗೆ ಬರೆದ ಪತ್ರಿಕೆಗೆ ಶನಿವಾರ ಸಂಜೆ ಯಾವ ಮಾತನ್ನೂ ನುಂಗಬೇಕಾಗಲಿಲ್ಲ. ನಿಂತಿತು ಎಂದು ಬರೆಯಿತು. ರಾತ್ರಿ ಶ್ರೀನಗರದಲ್ಲಿ ಮತ್ತೆ ಸ್ಫೋಟ ಕೇಳಿತು, ಕದನವಿರಾಮಕ್ಕೆ ಏನಾಯಿತೆಂದು ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಅವರೇ ಕೇಳುತ್ತಿದ್ದಾರೆ ಎಂದೂ ಬರೆಯಿತು. ಮುಗಿಯಿತು.

ಆ ಖಾಲಿ ಬಿಟ್ಟ ಅಂಕಣಗಳು ಆಮೇಲೆ ಹೇಗೆ ತುಂಬಿದವು ನೋಡಿ. ಮೇ 11ರಂದು ವಾಯುಪಡೆಯ ಏರ್ ಮಾರ್ಷಲ್ ಎ.ಕೆ. ಭಾರ್ತಿ, ಯುದ್ಧವೆಂದ ಮೇಲೆ ನಷ್ಟ ಇದ್ದದ್ದೇ, ನಮ್ಮ ಪೈಲಟ್‌ಗಳೆಲ್ಲ ಮನೆಗೆ ಬಂದಿದ್ದಾರೆ ಎಂದರು. ಮೇ 31ರಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್, ವಿಮಾನ ಕಳೆದುಕೊಂಡದ್ದು ನಿಜ, ಪಾಕಿಸ್ತಾನ ಆಮೇಲೆ ಹೇಳಿದ ಆರರ ಲೆಕ್ಕ ಮಾತ್ರ ಸುಳ್ಳು ಎಂದು ಒಪ್ಪಿದರು. ಎಲ್ಲಿ? ಸಿಂಗಪುರದಲ್ಲಿ, ವಿದೇಶಿ ಮಾಧ್ಯಮದ ಮುಂದೆ. ನಮ್ಮ ಸೇನೆಯ ಬಗ್ಗೆ ನಮಗೆ ತಿಳಿಯಬೇಕಾದ ಮಾತು ಹೊರಗಿನವರ ಬಾಯಿಂದ ಸುತ್ತಿ ಬಂದು ರಾಯಚೂರು ಮುಟ್ಟಿತು. ಊರಿನ ಮಾಧ್ಯಮಕ್ಕೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇಕೇ?

ಇದು ಇವತ್ತಿನ ಚಾಳಿಯೂ ಅಲ್ಲ. ನಮ್ಮ ಅಜ್ಜ ಪೊಲೀಸ್ ಆ್ಯಕ್ಷನ್ನಿನ ಕತೆ ಹೇಳುತ್ತಿದ್ದ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನಿಜಾಮನ ಹೈದರಾಬಾದ್ ಸಂಸ್ಥಾನದ ಒಳಗೆ ಬಂತು, ನಮ್ಮ ರಾಯಚೂರು ಆಗ ಅದರಲ್ಲೇ ಇತ್ತು. 17ರ ಸಂಜೆ ಹೈದರಾಬಾದಿನ ರೇಡಿಯೊದಲ್ಲಿ ನಿಜಾಮನೇ ಮಾತಾಡಿ ಎಲ್ಲ ಮುಗಿಯಿತು ಅಂದ. ಸೋತವನ ಬಾಯಿಂದಲೇ ಸೋಲಿನ ಸುದ್ದಿ, ಯಾರೂ ಮಧ್ಯೆ ಬಂದು ಹೆಸರು ಹೊಡೆದುಕೊಳ್ಳುವ ಹಾಗಿರಲಿಲ್ಲ. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಕಾಟ ತಪ್ಪಿತೆಂದು ಜನ ಉಸಿರು ಬಿಟ್ಟದ್ದು ನಿಜ, ಅದಕ್ಕೇ ಇಂದಿಗೂ ಆ ದಿನ ಧ್ವಜ ಹಾರಿಸುತ್ತೇವೆ. ಅಜ್ಜನ ಕತೆ ಅಲ್ಲಿಗೆ ನಿಲ್ಲುತ್ತಿತ್ತು. ಅದಾದ ಮೇಲಿನ ವಾರಗಳಲ್ಲಿ ಏನಾಯಿತು ಎಂದು ಅವನೂ ಹೇಳಲಿಲ್ಲ, ಶಾಲೆಯ ಮಾಸ್ತರರೂ ಹೇಳಲಿಲ್ಲ. ನೆಹರೂ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಊರೂರು ತಿರುಗಿ, ಕಾರ್ಯಾಚರಣೆಯಲ್ಲೂ ಅದರ ನಂತರವೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತ್ತು. ಹೆಚ್ಚು ಕೆಟ್ಟದ್ದು ನಡೆದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ ಇದ್ದವು. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಲೇ ಇಲ್ಲ. ನಾನು ಅದರ ಬಗ್ಗೆ ಮೊದಲು ಕೇಳಿದ್ದು 2013ರಲ್ಲಿ, ಬಿಬಿಸಿಯಲ್ಲಿ. ನನ್ನ ಅಜ್ಜನ ಸೀಮೆಯ ಯುದ್ಧದ ಕೊನೆಯನ್ನು ನನಗೆ ಪೂರ್ತಿ ಹೇಳಿದ್ದು ಲಂಡನ್.

ಹೀಗಾಗಿ ಪೂಂಚ್‌ಗೆ ಯಾರು ಹೋದರು ಎನ್ನುವುದು ನನಗೆ ಮುಖ್ಯವಾಗುತ್ತದೆ. ಆ ನಾಲ್ಕು ದಿನಗಳಲ್ಲಿ ನಮ್ಮ ಕಡೆ ಅತಿ ಹೆಚ್ಚು ಏಟು ತಿಂದ ಊರು ಅದು. ಗಡಿಯಾಚೆಯ ಶೆಲ್ಲಿಗೆ ಅಲ್ಲಿ ಅವಳಿ ಮಕ್ಕಳು ಸತ್ತರು, ಗುರುದ್ವಾರಕ್ಕೆ ಪೆಟ್ಟಾಯಿತು, ಜನ ಊರು ಬಿಟ್ಟು ಓಡಿದರು. ಅಪ್ಪನ ಟಿವಿಯಲ್ಲಿ ಕರಾಚಿ, ಲಾಹೋರ್, ಇಸ್ಲಾಮಾಬಾದ್ ಇದ್ದವು. ಪೂಂಚ್ ಇರಲಿಲ್ಲ ಎಂದಲ್ಲ, ಮಿಂಚಿ ಮರೆಯಾಗುತ್ತಿತ್ತು. ಗೆಲ್ಲುವ ಕತೆಯ ನಡುವೆ ನಮ್ಮದೇ ಹೆಣಗಳು ಅಡ್ಡ ಬರುತ್ತವೆ. ಇಲ್ಲಿಯ ಪತ್ರಿಕೆಯಲ್ಲಿ ಆ ಅವಳಿ ಮಕ್ಕಳ ಮನೆಯ ಬಗ್ಗೆ ನಿಧಾನವಾಗಿ ಬರೆದ ವರದಿ ಓದಿದೆ. ಮಕ್ಕಳು ಯಾವ ತರಗತಿಯಲ್ಲಿದ್ದರು, ಶೆಲ್ ಬಿದ್ದಾಗ ಎಲ್ಲಿ ನಿಂತಿದ್ದರು ಎಂಬ ವಿವರ. ಕದನ ನಿಂತ ಮೇಲೆ, ಕ್ಯಾಮೆರಾಗಳು ಗಂಟು ಕಟ್ಟುವ ಹೊತ್ತಿಗೆ ಬಂದ ವರದಿ ಅದು.

ಅದರ ಎದುರಿನ ಪುಟದಲ್ಲಿ ಮುಜಫ್ಫರಾಬಾದಿನ ಒಂದು ಮನೆ. ಅಷ್ಟೇ ಉದ್ದ, ಅಷ್ಟೇ ದೊಡ್ಡ ಫೋಟೊ. ಇಲ್ಲಿ ನನಗೆ ಗಂಟಲು ಕಟ್ಟುತ್ತದೆ. ಚಾಚಾ ಆ ಪುಟ ನೋಡಿ ಏನೂ ಅನ್ನಲಿಲ್ಲ, ನಾನು ಈ ಪುಟ ನೋಡಿ ಏನೂ ಅನ್ನಲಿಲ್ಲ. ಸಾವು ಸಾವೇ, ಒಪ್ಪಿದೆ. ಆದರೆ ಇವೆಲ್ಲ ಶುರುವಾದದ್ದು ಎಲ್ಲಿಂದ? ಹೆಂಡತಿ, ಮಕ್ಕಳ ಎದುರಿಗೆ ಹೆಸರು ಕೇಳಿ, ಧರ್ಮ ಕೇಳಿ ಗುಂಡು ಹಾರಿಸಿದ ಪಹಲ್ಗಾಮ್‌ನಿಂದ. ಆ 26 ಜನ ಮೇ 11ರ ಹೊತ್ತಿಗೆ ಇಲ್ಲಿಯ ಪತ್ರಿಕೆಯಲ್ಲಿ ವರದಿಯ ಕೊನೆಯ ಒಂದು ಸಾಲಾಗಿ ಉಳಿದಿದ್ದರು, ಹಿನ್ನೆಲೆ ಎಂದು. ಎರಡೂ ಕಡೆಗೆ ಸಮನಾಗಿ ಅಳತೆ ಹಾಕುವವರಿಗೆ ಮೊದಲು ಏಟು ಯಾರದು ಎನ್ನುವುದನ್ನು ಎಲ್ಲಿ ಬರೆಯಬೇಕೆಂದು ತಿಳಿಯುವುದಿಲ್ಲ.

ಮತ್ತೆ ಈ ತಣ್ಣನೆಯ ಲೆಕ್ಕ ಇವರಿಗೆ ಬರುವುದು ಯುದ್ಧ ಪರರದ್ದಾದಾಗ ಮಾತ್ರ. ಇಷ್ಟು ಹೊಗಳಿದ ಮೇಲೆ ಇದನ್ನು ಹೇಳದೆ ಬಿಡುವುದೂ ಸರಿಯಲ್ಲ. 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಇವರು ಅರ್ಜೆಂಟೀನಾದ ಜೊತೆ ಕಾದಾಡಿದಾಗ ಏನಾಯಿತು? ದಕ್ಷಿಣ ಜಾರ್ಜಿಯಾ ವಶವಾದ ದಿನ, ಮುಂದೇನು ಎಂದು ಕೇಳಿದ ವರದಿಗಾರರಿಗೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸುಮ್ಮನೆ ಸಂತೋಷಪಡಿ ಎಂದರು. ಜನರಲ್ ಬೆಲ್‌ಗ್ರಾನೋ ಹಡಗನ್ನು ಮುಳುಗಿಸಿದಾಗ 323 ಜನ ಸತ್ತರು. 'ದಿ ಸನ್' ಪತ್ರಿಕೆಯ ಮೊದಲ ಆವೃತ್ತಿಯ ಮುಖಪುಟದಲ್ಲಿ ಬಂದದ್ದು, ಸಿಕ್ಕಿಬಿದ್ದೆಯಾ ಎಂದು ಕೇಕೆ ಹಾಕುವಂಥ ಒಂದೇ ಪದ. ಬಿಬಿಸಿಯ ಪೀಟರ್ ಸ್ನೋ ಟಿವಿಯಲ್ಲಿ 'ನಮ್ಮವರು' ಅನ್ನದೆ, ಬ್ರಿಟಿಷರ ಮಾತನ್ನು ನಂಬುವುದಾದರೆ ಎಂದದ್ದಕ್ಕೆ ಆಳುವ ಪಕ್ಷದ ಸಂಸದರೊಬ್ಬರು, ಇದು ಬಹುತೇಕ ದೇಶದ್ರೋಹ ಎಂದು ಗುಡುಗಿದರು. ನಮ್ಮ ಚರ್ಚಾಗೋಷ್ಠಿಗಳಲ್ಲಿ ಕೇಳುವ ಅದೇ ದನಿ. ಆ ವರ್ಷದ ಜೂನ್ 14ಕ್ಕೆ ಯುದ್ಧ ಮುಗಿಯಿತು. ಇವರ ಕಡೆ 255 ಯೋಧರು, ಅರ್ಜೆಂಟೀನಾದ ಕಡೆ 649 ಮಂದಿ ಸತ್ತಿದ್ದರು. ಇವರಿಗೂ ಗೆಲುವಿನ ಗುಂಗು ಇಳಿಯಲು ಬಹಳ ದಿನ ಬೇಕಾಯಿತು. ಇಲ್ಲಿಯ ಹಳಬರನ್ನು ಕೇಳಿದರೆ ಕೆಲವರಿಗೆ ಇನ್ನೂ ಇಳಿದಿಲ್ಲ.

ಇನ್ನು ತೀರ ಪರರದ್ದಾದರೆ? ಇಥಿಯೋಪಿಯಾದ ಟಿಗ್ರೇ ಯುದ್ಧ 2022ರ ನವೆಂಬರ್ 2ರಂದು ಪ್ರಿಟೋರಿಯಾ ಒಪ್ಪಂದದಿಂದ ನಿಂತಿತು. ಸತ್ತವರು ಆರು ಲಕ್ಷದವರೆಗೂ ಇರಬಹುದೆಂದು ಸಂಧಾನ ನಡೆಸಿದ ಒಬಾಸಾಂಜೊ ಅವರೇ ಆಮೇಲೆ ಹೇಳಿದರು. ಅದರ ಕೊನೆಯನ್ನು ನಾನು ಓದಿದ್ದು ಇದೇ ಪತ್ರಿಕೆಯ ಒಳಪುಟದಲ್ಲಿ, ಅಂಗೈ ಅಗಲದಲ್ಲಿ. ಅಲ್ಲಿ ಫೋಟೊ ಹಾಕಲು ಟ್ರಂಪ್ ಇರಲಿಲ್ಲ, ಮನೆಗೆ ಕರೆತರಲು ಕ್ರಿಕೆಟ್ ಆಟಗಾರರೂ ಇರಲಿಲ್ಲ.

ತಮ್ಮವರನ್ನೇ ಮುಂದೆ ಮಾಡಿ ಬರೆಯುವ ಈ ಗುಣ ಹೊರಗಿನವರಿಗೆ ಹೊಸದೂ ಅಲ್ಲ. ನಮ್ಮ ರಾಯಚೂರಿನ 1520ರ ಯುದ್ಧವನ್ನೇ ನೋಡಿ. ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆ ಹಿಡಿದ ಕತೆ ನಮಗೆ ವಿವರವಾಗಿ ಸಿಗುವುದು ಪೋರ್ಚುಗಲ್‌ನ ನೂನಿಜ್‌ನಿಂದ. ಸುಮಾರು ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿ ಇದ್ದವನು. ರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ ಎನ್ನುತ್ತಾನೆ. ತೂಕ ಹಾಕಿ ನೋಡಿದನೇ ಎಂದು ಕೇಳುವವರಿರಲಿಲ್ಲ. ಕೋಟೆ ಬಿದ್ದದ್ದು ಹೇಗೆ? ಅವನ ವರದಿಯ ಪ್ರಕಾರ ಕ್ರಿಸ್ಟೊವಾಂವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಬಂದೂಕಿನವರೊಡನೆ ಬಂದ, ಗೋಡೆಯಿಂದ ಇಣುಕಿದ ಕಿಲ್ಲೇದಾರನ ಹಣೆಗೆ ಗುಂಡು ಬಿತ್ತು, ಊರು ಶರಣಾಯಿತು. ಲಕ್ಷ ಲಕ್ಷ ಕಾಲಾಳುಗಳು ಬಿಸಿಲಲ್ಲಿ ಗೋಡೆ ಕೆಡವುತ್ತಿದ್ದರು, ಯುದ್ಧ ಮುಗಿಸಿದ್ದು ನಮ್ಮೂರ ಹುಡುಗ ಎಂದು ಬರೆದ. ಆ ಕೋಟೆಯ ಬಾಗಿಲಲ್ಲಿ ನಾವು ಬಾಲ್ಯವಿಡೀ ಮಂಡಾಳ ಒಗ್ಗರಣಿ, ಮಿರ್ಚಿ ತಿಂದಿದ್ದೇವೆ. ಫಿಗೆರೆಡೊನ ಹೆಸರು ಒಬ್ಬನ ಬಾಯಲ್ಲೂ ಕೇಳಿಲ್ಲ.

ಇನ್ನೊಂದು ಮಾತನ್ನು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ಇಷ್ಟು ಹೊತ್ತು ನಾನು ಇಲ್ಲಿಯ ಪೇಪರನ್ನು ಅಲ್ಲಿಯ ಟಿವಿಯ ಪಕ್ಕ ಇಟ್ಟು ಅಳೆಯುತ್ತಿದ್ದೇನೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಕಟಿಂಗ್ ಅಂಗಡಿಯಲ್ಲಿ ಕೂತ ಅಣ್ಣ, ಅದೇ ಭಾನುವಾರ ಅಲ್ಲಿಯ ಕನ್ನಡ ಪತ್ರಿಕೆಯ ಪುಟಗಳ ಫೋಟೊ ಕಳಿಸಿದ್ದ. ನಾನು ಜಗಳಕ್ಕೆ ಸಿದ್ಧನಾಗಿಯೇ ತೆರೆದೆ. ಯಾರು ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದರು ಎಂಬುದು ಮೊದಲ ಸಾಲಿನಲ್ಲೇ ಇತ್ತು. ಟ್ರಂಪ್ ಒಂದು ಅಂಕಣದಲ್ಲಿದ್ದರು, ಇರಬೇಕಾದಷ್ಟು. ರಾತ್ರಿಯ ಉಲ್ಲಂಘನೆ ಇತ್ತು. ಕರಾಚಿ ಇರಲಿಲ್ಲ. ಜಿಲ್ಲಾ ಪುಟದಲ್ಲಿ ರಜೆಗೆ ಬಂದವನು ಮನೆಯ ಮದುವೆ ಅರ್ಧಕ್ಕೆ ಬಿಟ್ಟು ಗಡಿಗೆ ಹೋದ ಯೋಧನ ತಾಯಿ ಮಾತಾಡಿದ್ದಳು. ನಿಂತಿತೆಂದು ಕೇಳಿದ ಕೂಡಲೇ ಊರಿನ ಮಾರುತಿ ದೇವರಿಗೆ ಕಾಯಿ ಒಡೆಸಿ ಬಂದೆ ಅಂದಿದ್ದಳು. ವಾಟ್ಸಾಪ್ ಗುಂಪಿನಲ್ಲಿ ನಾನು ಹುಡುಕಿದ ಆ ಸಂತೋಷದ ಮಾತು ಅಲ್ಲಿ, ಒಂಬತ್ತನೇ ಪುಟದಲ್ಲಿ ಸಿಕ್ಕಿತು. ಬ್ರ್ಯಾಡ್‌ಫರ್ಡ್‌ನ ಪೇಪರ್ ಆ ತಾಯಿಯನ್ನು ಹುಡುಕಿಕೊಂಡು ಯಾವ ಕಾಲಕ್ಕೂ ಹೋಗುವುದಿಲ್ಲ.

"ಹಂಗಾದ್ರ ನೀವು ಅದನ್ನ ಓದ್ರಿ, ಟಿವಿ ಯಾಕ ನೋಡ್ತೀರಿ?" ಎಂದು ಅಣ್ಣನನ್ನು ಕೇಳಿದೆ. "ಓದ್ತೀವಪಾ. ಪೇಪರ್ ಮುಂಜಾನೆ ಬರತೈತಿ. ಅಷ್ಟೊತ್ತಿಗೆ ರಾತ್ರಿ ಕಳದಿರತೈತಲ್ಲ," ಅಂದ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಟಿವಿ ಆರಿಸಿ ಮಲಗಿ ಎಂದು ಐದು ಸಾವಿರ ಮೈಲಿ ದೂರದಿಂದ ಹೇಳುವುದು ಸುಲಭ, ತಾಲೀಮಿನ ಪಟ್ಟಿಯಲ್ಲಿ ನನ್ನ ಊರಿದೆ, ಬ್ರ್ಯಾಡ್‌ಫರ್ಡ್ ಇಲ್ಲ.

ಆಗಸ್ಟ್ 9ರಂದು ಬೆಂಗಳೂರಿನಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು, ಪಾಕಿಸ್ತಾನದ ಐದು ಯುದ್ಧ ವಿಮಾನ, ಒಂದು ದೊಡ್ಡ ವಿಮಾನ ಬೀಳಿಸಿದೆವು ಎಂದರು. ಪಾಕಿಸ್ತಾನದ ರಕ್ಷಣಾ ಸಚಿವರು ಒಂದೂ ಬಿದ್ದಿಲ್ಲ ಎಂದರು. ಆ ರಾತ್ರಿ ಅಪ್ಪನ ಫೋನ್ ಬಂತು.

"ನಿಮ್ಮ ಪೇಪರ್‌ದಾಗ ಏನ್ ಕೊಟ್ಟಾರ?"

"ಭಾರತ ಹಿಂಗ ಹೇಳ್ಯಾದ, ಪಾಕಿಸ್ತಾನ ಇಲ್ಲ ಅಂದಾದ ಅಂತ ಕೊಟ್ಟಾರಪ್ಪ."

"ಮತ್ತ ಖರೇ ಯಾವುದಂತ?"

"ಅದು ಕೊಟ್ಟಿಲ್ಲ."

"ಇಷ್ಟ ಹೇಳಾಕ ಅವ್ರಿಗೆ ರೊಕ್ಕ ಕೊಟ್ಟು ಪೇಪರ್ ತಗೋತಿಯೇನಲೇ ತಮ್ಮ?" ಅಂದರು ಅಪ್ಪ. ಹಿಂದೆ ಟಿವಿ ಕೂಗುತ್ತಿತ್ತು. ಸೈರನ್ ಇರಲಿಲ್ಲ.